ತಾಯಿಯ ಪಾಠಶಾಲೆ

ಮಗುವಿಗೆ ತಾಯಿಯೇ ಮೊದಲ ಗುರುವೆಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ತಾಯಿ, ತಂದೆ, ಆಚಾರ್ಯ ಎಂಬ ಮೂವರಿಂದ ಶಿಕ್ಷಣ ಪಡೆದವನ ಮಾತಿಗೆ ಬೃಹದಾರಣ್ಯಕೋಪನಿಷತ್ತು ವಿಶೇಷವಾದ ಗೌರವವನ್ನು ಕೊಡುತ್ತದೆ. ಆ ಎಣಿಕೆಯಲ್ಲಿಯೂ ತಾಯಿಯೇ ಮೊದಲು. ಸಭೆಗಳಲ್ಲಿ ಇದನ್ನು ಹೇಳಿ ಚಪ್ಪಾಳೆ ಪಡೆಯುವುದು ಸುಲಭ. ಆದರೆ ಒಲೆಯ ಮೇಲೆ ಹಾಲು ಉಕ್ಕುತ್ತಿರುವಾಗ, ತೊಟ್ಟಿಲಲ್ಲಿ ಕಿರಿಯ ಕೂಸು ಅಳುತ್ತಿರುವಾಗ, ಹಿರಿಯ ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುವ ತಾಯಿಗೆ ಈ ಗುರುಪದವಿ ಎಷ್ಟು ಭಾರವಾದುದೆಂಬುದನ್ನು ಹೇಳುವವರು ವಿರಳ.

ಕೆಲವು ದಿನಗಳ ಹಿಂದೆ ನಮ್ಮ ಬೀದಿಯ ಕ್ರೈಸ್ತ ಕುಟುಂಬವೊಂದರ ಗೃಹಿಣಿ ನಮ್ಮ ಮನೆಗೆ ಬಂದಳು. ಮೊಗದಲ್ಲಿ ಚಿಂತೆಯಿತ್ತು.

“ಮೇಷ್ಟ್ರೇ, ಮಗುವಿಗೆ ಐದು ತುಂಬಿತು. ಸದ್ಯಕ್ಕೆ ನಾನೇ ಮನೆಯಲ್ಲಿ ಓದು ಕಲಿಸುತ್ತಿದ್ದೇನೆ. ರಾತ್ರಿ ಪ್ರಾರ್ಥನೆಯಾದ ಮೇಲೆ ಸತ್ಯವೇದದ ಕಥೆ ಹೇಳುತ್ತೇನೆ. ಅದನ್ನು ಚೆನ್ನಾಗಿ ಕೇಳುತ್ತಾನೆ. ಆದರೆ ಒಂದು ವಾರದಿಂದ ‘ಇ’ ‘ಈ’ ಎರಡನ್ನೇ ತಿದ್ದುತ್ತಿದ್ದಾನೆ. ಇಂದು ಹೇಳಿಕೊಟ್ಟದ್ದು ನಾಳೆಗಿಲ್ಲ. ಇದೆಲ್ಲ ನಿನ್ನ ಕೈಲಾಗುವ ಕೆಲಸವಲ್ಲ ಎಂದು ನಮ್ಮತ್ತೆಯವರು ಹೇಳುತ್ತಾರೆ. ನಿನ್ನೆ ತಾಳ್ಮೆಗೆಟ್ಟು ಒಂದು ಏಟು ಹಾಕಿಬಿಟ್ಟೆ. ನಾನು ಮಾಡುತ್ತಿರುವುದು ಸರಿಯೇ?”

ನಾವು ಒಡನೆಯೇ ಉತ್ತರ ಕೊಡಲಾರದೆ ಹೋದೆವು. ಬಳಿಕ ನಮ್ಮ ನೆನಪಿಗೆ ಬಂದವಳು, ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ತನ್ನ ಮಕ್ಕಳಿಗೆ ತಾನೇ ಪಾಠ ಹೇಳಿದ ಸುಸಾನಾ ವೆಸ್ಲಿ ಎಂಬ ತಾಯಿ. ಅಂದು ನೆರೆಮನೆಯ ಗೃಹಿಣಿಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ವೆಸ್ಲಿ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ಮೈಸೂರು ಸೀಮೆಯಲ್ಲಿ ಶಾಲೆಗಳನ್ನು ನಡೆಸಿ, ಮೈಸೂರಿನಲ್ಲಿ ಮುದ್ರಣಾಲಯವನ್ನಿಟ್ಟು ಅನೇಕ ಕನ್ನಡ ಪುಸ್ತಕಗಳನ್ನು ಅಚ್ಚುಹಾಕಿಸಿದ ವೆಸ್ಲಿಯನ್ ಮಿಶನ್ನಿಗೆ ಆ ಹೆಸರು ಬಂದುದು ಜಾನ್ ವೆಸ್ಲಿಯಿಂದ. ಆ ಜಾನನಿಗೂ, ಆರು ಸಾವಿರಕ್ಕೂ ಹೆಚ್ಚು ಕೀರ್ತನೆಗಳನ್ನು ರಚಿಸಿದ ಆತನ ತಮ್ಮ ಚಾರ್ಲ್ಸನಿಗೂ ಅಕ್ಷರ ಕಲಿಸಿದವಳು ಈ ಸುಸಾನಾ.

ಆಕೆ ಹುಟ್ಟಿದ್ದು 1669ರಲ್ಲಿ, ಲಂಡನ್ ನಗರದಲ್ಲಿ. ಧರ್ಮೋಪದೇಶಕನಾದ ಡಾಕ್ಟರ್ ಸಾಮ್ಯುಯೆಲ್ ಆನ್ಸ್ಲಿಯ ಇಪ್ಪತ್ತೈದನೆಯ ಮಗುವಾಗಿ. 1688ರಲ್ಲಿ ಸಾಮ್ಯುಯೆಲ್ ವೆಸ್ಲಿ ಎಂಬ ಪಾದ್ರಿಯನ್ನು ವಿವಾಹವಾದಳು. ಕೆಲವು ವರ್ಷಗಳ ಮೇಲೆ ಆತನಿಗೆ ಲಿಂಕನ್‌ಷೈರ್ ಪ್ರಾಂತದ ಎಪ್‌ವರ್ತ್ ಎಂಬ ಗ್ರಾಮದ ಸಭಾಪಾಲನೆ ದೊರೆಯಿತು. ಹತ್ತೊಂಬತ್ತು ಮಕ್ಕಳನ್ನು ಹೆತ್ತ ಆ ತಾಯಿಗೆ ಉಳಿದವರು ಹತ್ತು ಮಂದಿ: ಗಂಡುಮಕ್ಕಳು ಮೂವರು, ಹೆಣ್ಣುಮಕ್ಕಳು ಏಳು ಮಂದಿ. ಉಳಿದವರೆಲ್ಲರೂ ಶೈಶವದಲ್ಲಿಯೇ ಮಣ್ಣಾದರು.

ಮನೆಯಲ್ಲಿ ವಿದ್ಯೆಗೆ ಬರವಿಲ್ಲದಿದ್ದರೂ ಹಣಕ್ಕೆ ಬರವಿತ್ತು. ಯಜಮಾನನು ಪಂಡಿತ, ಕವಿ. ಲೌಕಿಕದಲ್ಲಿ ಮಾತ್ರ ಜಾಣನಲ್ಲ. 1705ರಲ್ಲಿ ಸಾಲ ತೀರಿಸಲಾರದೆ ಲಿಂಕನ್ ಕೋಟೆಯ ಸೆರೆಮನೆಗೆ ಹೋಗಬೇಕಾಯಿತು. ಆಗ ಸುಸಾನಾ ತನ್ನ ಬೆರಳಿನ ಉಂಗುರಗಳನ್ನು ಗಂಡನ ಖರ್ಚಿಗೆಂದು ಕಳುಹಿಸಿದಳು. ಆತನು ಅವನ್ನು ಹಿಂದಿರುಗಿಸಿದನು. ಮನೆಯಲ್ಲಿ ಎಂದಾದರೂ ಊಟಕ್ಕೆ ಇಲ್ಲದಂತಾಗಿತ್ತೇ ಎಂದು ಯಾರ್ಕಿನ ಮಹಾಧರ್ಮಾಧ್ಯಕ್ಷರು ಕೇಳಿದಾಗ, ಊಟವಿಲ್ಲದೆ ಇರಲಿಲ್ಲ, ಆದರೆ ಅದನ್ನು ಸಂಪಾದಿಸುವ ಮತ್ತು ಅದರ ಸಾಲ ತೀರಿಸುವ ಚಿಂತೆಯಲ್ಲಿ ತುತ್ತಿನ ರುಚಿಯೇ ಕೆಟ್ಟುಹೋಗಿತ್ತು ಎಂಬರ್ಥದ ಉತ್ತರವನ್ನು ಕೊಟ್ಟಳು. ಇಂತಹ ಮನೆಯಲ್ಲಿ, ಇಂತಹ ಚಿಂತೆಗಳ ನಡುವೆ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಡೆದ ಪಾಠಶಾಲೆ ಅದು.

ಶಾಲೆಯ ವಿಧಾನವನ್ನು ಆಕೆಯೇ 1732ರ ಜುಲೈ ತಿಂಗಳಲ್ಲಿ ಮಗ ಜಾನನಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾಳೆ. ಐದು ವರ್ಷ ತುಂಬುವವರೆಗೆ ಮಗುವಿಗೆ ಅಕ್ಷರದ ಗೊಡವೆಯೇ ಇಲ್ಲ. ಹಿರಿಯ ಮಗ ಸಾಮ್ಯುಯೆಲನಿಗೆ ನಾಲ್ಕು ವರ್ಷ ಕಳೆದರೂ ಮಾತೇ ಬಂದಿರಲಿಲ್ಲವಂತೆ. ಆದರೂ ಐದು ತುಂಬಿದ ಮೇಲೆ ಆತನು ಕೆಲವೇ ಗಂಟೆಗಳಲ್ಲಿ ಅಕ್ಷರಗಳನ್ನು ಕಲಿತನು. ಮಗುವಿಗೆ ಐದು ತುಂಬುವ ದಿನ ಬಂದಿತೆಂದರೆ, ಮುನ್ನಾದಿನವೇ ಮನೆಯನ್ನೆಲ್ಲಾ ಅಣಿಗೊಳಿಸಿ, ಎಲ್ಲರಿಗೂ ಅವರವರ ಕೆಲಸವನ್ನು ಒಪ್ಪಿಸಿ, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ, ಮಧ್ಯಾಹ್ನ ಎರಡರಿಂದ ಐದರವರೆಗೆ ಯಾರೂ ಆ ಕೋಣೆಗೆ ಬರಬಾರದೆಂದು ಕಟ್ಟಪ್ಪಣೆ ಮಾಡುತ್ತಿದ್ದಳು. ಆ ಒಂದೇ ದಿನದಲ್ಲಿ ಮಗು ಅಕ್ಷರಗಳನ್ನೆಲ್ಲಾ ಕಲಿಯಬೇಕು. ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ ಒಂದೂವರೆ ದಿನ ಹಿಡಿಯಿತು. ಮರುದಿನದಿಂದಲೇ ಸತ್ಯವೇದದ ಮೊದಲ ಅಧ್ಯಾಯ. ಮೊದಲ ವಚನವನ್ನು ಅಕ್ಷರ ಕೂಡಿಸಿ ಓದಿ, ತಡೆಯಿಲ್ಲದೆ ಬರುವವರೆಗೆ ಮತ್ತೆ ಮತ್ತೆ ಓದಿ, ಅದಾದ ಮೇಲೆಯೇ ಎರಡನೆಯದಕ್ಕೆ ಹೋಗುವುದು.

ಇದನ್ನು ಕೇಳಿ ನಮ್ಮ ತಾಯಂದಿರು ಹೆದರತಕ್ಕದ್ದಲ್ಲ. ಅವರ ಅಕ್ಷರಗಳು ಇಪ್ಪತ್ತಾರು. ನಮ್ಮ ವರ್ಣಮಾಲೆಯೋ ಸುಮಾರು ಐವತ್ತು. ಅದರ ಹಿಂದೆ ಕಾಗುಣಿತ, ಅದರ ಹಿಂದೆ ಒತ್ತಕ್ಷರ. ಒಂದು ದಿನದ ಲೆಕ್ಕವನ್ನು ಇಲ್ಲಿಗೆ ತರುವುದು ಅನ್ಯಾಯ. ನಾವು ಗಮನಿಸಬೇಕಾದುದು ಆ ದಿನ ತಾಯಿ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಲಿಲ್ಲವೆಂಬುದನ್ನು. ಆ ಆರು ಗಂಟೆಗಳು ಮಗುವಿನದಾಗಿದ್ದುವು.

ಆ ಮನೆಯ ಇತರ ಕಟ್ಟಳೆಗಳೂ ಅರಿಯತಕ್ಕುವು. ತಪ್ಪನ್ನು ತಾನಾಗಿ ಒಪ್ಪಿಕೊಂಡ ಮಗುವಿಗೆ ದಂಡನೆಯಿಲ್ಲ. ದಂಡನೆಯ ಭಯದಿಂದಲೇ ಮಕ್ಕಳು ಸುಳ್ಳನ್ನು ಕಲಿಯುವರೆಂದು ಆಕೆ ಕಂಡುಕೊಂಡಿದ್ದಳು. ಒಮ್ಮೆ ದಂಡಿಸಿದ ತಪ್ಪನ್ನು ಮತ್ತೆ ಎತ್ತಿ ಆಡಬಾರದು. ಒಬ್ಬರ ವಸ್ತುವನ್ನು, ಅದು ಒಂದು ಗುಂಡುಸೂಜಿಯಾದರೂ ಸರಿ, ಅವರ ಒಪ್ಪಿಗೆಯಿಲ್ಲದೆ ಮತ್ತೊಬ್ಬರು ಮುಟ್ಟಬಾರದು. ಕೊಟ್ಟ ಮಾತಿಗೆ ತಪ್ಪಬಾರದು. ಚೆನ್ನಾಗಿ ಓದಲು ಬರುವವರೆಗೆ ಯಾವ ಹೆಣ್ಣುಮಗುವಿಗೂ ಹೊಲಿಗೆಯ ಕೆಲಸವನ್ನು ಹಚ್ಚಬಾರದು. ಈ ಕೊನೆಯ ನಿಯಮವು ಆ ಕಾಲಕ್ಕೆ ಎಷ್ಟು ದೊಡ್ಡದೆಂಬುದನ್ನು ಹೇಳಬೇಕಾದುದಿಲ್ಲ. ಇನ್ನೊಂದು ಕಟ್ಟಳೆ ನಮಗೆ ಬಹಳ ಪ್ರಿಯವಾದುದು: ಒಡಹುಟ್ಟಿದವರನ್ನು ಬರಿಯ ಹೆಸರಿನಿಂದ ಕರೆಯಬಾರದು, ಸೋದರ, ಸೋದರಿ ಎಂದು ಸೇರಿಸಿಯೇ ಕರೆಯಬೇಕು. ಅಣ್ಣ, ಅಕ್ಕ ಎಂದು ಕರೆದು ಬೆಳೆದ ನಮಗೆ ಇದು ನಮ್ಮದೇ ಮನೆಯ ಪಡಸಾಲೆಯೆಂಬಂತೆ ತೋರುತ್ತದೆ.

ಒಮ್ಮೆ ಗಂಡನು ಪಾಠದ ಕೋಣೆಗೆ ಬಂದು ಕುಳಿತು, ಆಕೆ ಮಗುವೊಂದಕ್ಕೆ ಒಂದೇ ಮಾತನ್ನು ಇಪ್ಪತ್ತು ಸಲ ಹೇಳುವುದನ್ನು ಎಣಿಸಿದನಂತೆ. ಈ ದಡ್ಡಮಗುವಿಗೆ ಇಪ್ಪತ್ತು ಸಲ ಹೇಳುವ ತಾಳ್ಮೆ ನಿನಗೆ ಹೇಗೆ ಬಂದಿತೆಂದು ಬೆರಗಾಗಿ ಕೇಳಲು, ಹತ್ತೊಂಬತ್ತಕ್ಕೇ ನಿಲ್ಲಿಸಿದ್ದರೆ ಪಟ್ಟ ಶ್ರಮವೆಲ್ಲಾ ವ್ಯರ್ಥವಾಗುತ್ತಿತ್ತಲ್ಲವೇ ಎಂದಳಂತೆ. ಈ ಕಥೆಯನ್ನು ನಾವು ಉದ್ಯೋಗದ ಮೊದಲ ವರ್ಷಗಳಲ್ಲಿಯೇ ಓದಿದ್ದೆವು. ಅನುಸರಿಸಿದೆವೆಂದು ಹೇಳುವ ಧೈರ್ಯ ನಮಗಿಲ್ಲ. ರಾಮಶಬ್ದದ ವಿಭಕ್ತಿಗಳು ಬಾರದ ಹುಡುಗನೊಬ್ಬನನ್ನು ನಾಲ್ಕನೆಯ ಸಲಕ್ಕೇ ಗದರಿಸಿ, ಇಡೀ ತರಗತಿಯ ಮುಂದೆ ಬೆಂಚಿನ ಮೇಲೆ ನಿಲ್ಲಿಸಿದೆವು. ಮುಂದಿನ ವರ್ಷ ಅವನು ಸಂಸ್ಕೃತವನ್ನು ಬಿಟ್ಟು ಬೇರೆ ಭಾಷೆಯನ್ನು ತೆಗೆದುಕೊಂಡನು. ಅವನಿಗೆ ಐದನೆಯ ಸಲ ಹೇಳಿದ್ದರೆ ಏನಾಗುತ್ತಿತ್ತೆಂಬುದು ನಮಗೆ ಎಂದಿಗೂ ತಿಳಿಯದು.

ಕಟ್ಟಿದುದೆಲ್ಲವೂ ಒಂದು ರಾತ್ರಿಯಲ್ಲಿ ಕೆಡುವುದುಂಟು. 1709ರ ಫೆಬ್ರವರಿ 9ರ ರಾತ್ರಿ ಆ ಮನೆಗೆ ಬೆಂಕಿ ಬಿದ್ದಿತು. ತುಂಬಿದ ಬಸುರಿಯಾಗಿದ್ದ ಸುಸಾನಾ ಉರಿಯ ನಡುವೆಯೇ ಹಾದು ಹೊರಬಂದಳು. ಐದು ವರ್ಷದ ಜಾನ್ ಮಹಡಿಯ ಕೋಣೆಯಲ್ಲಿ ಉಳಿದುಬಿಟ್ಟಿದ್ದನು. ಮೆಟ್ಟಲುಗಳು ಉರಿಯುತ್ತಿದ್ದುದರಿಂದ ಹತ್ತಲಾರದೆ ತಂದೆ ಮೊಣಕಾಲೂರಿ, ಮಗುವಿನ ಆತ್ಮವನ್ನು ದೇವರಿಗೆ ಒಪ್ಪಿಸಿಬಿಟ್ಟನು. ಆಗ ಹುಡುಗನು ಕಿಟಕಿಯ ಬಳಿಯ ಪೆಟ್ಟಿಗೆಯನ್ನೇರಿ ನಿಂತುದನ್ನು ಕಂಡು, ಒಬ್ಬನ ಹೆಗಲ ಮೇಲೆ ಇನ್ನೊಬ್ಬನು ನಿಂತು ಅವನನ್ನು ಇಳಿಸಿಕೊಂಡರು. ಮರುಕ್ಷಣದಲ್ಲಿ ಮಾಡು ಕುಸಿಯಿತು.

ಜೀವಗಳು ಉಳಿದುವು, ಶಾಲೆ ಮುರಿಯಿತು. ಹೊಸ ಮನೆ ಏಳುವವರೆಗೆ ಮಕ್ಕಳು ಬೇರೆ ಬೇರೆ ಮನೆಗಳಲ್ಲಿ ಚದರಿಹೋದರು. ಹಿಂದಿರುಗಿದಾಗ ಅವರ ನಾಲಗೆಯ ಮೇಲೆ ಒರಟು ಮಾತು, ಕೀಳು ಹಾಡು, ನಡೆಯಲ್ಲಿ ಹಟ. ವರ್ಷಗಳ ಶ್ರಮ ಕೆಲವು ತಿಂಗಳುಗಳಲ್ಲಿ ಸೋರಿಹೋಗಿತ್ತು. ಆಕೆ ಮತ್ತೆ ಮೊದಲಿಂದ ಆರಂಭಿಸಿದಳು. ಪಾಠದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಕೀರ್ತನೆ ಹಾಡುವುದು, ಐದು ಗಂಟೆಯಾಯಿತೆಂದರೆ ಹಿರಿಯ ಮಗು ಎಲ್ಲರಿಗಿಂತ ಕಿರಿಯದನ್ನು, ಎರಡನೆಯದು ಅದರ ಮೇಲಿನದನ್ನು ಕರೆದುಕೊಂಡು ಹೋಗಿ ದಿನದ ಕೀರ್ತನೆಯನ್ನೂ ಹೊಸ ಒಡಂಬಡಿಕೆಯ ಒಂದು ಅಧ್ಯಾಯವನ್ನೂ ಓದಿ ಕೇಳಿಸುವುದು, ಈ ಪದ್ಧತಿಗಳು ಆಗ ಹುಟ್ಟಿದುವು.

ಆ ಶಾಲೆಯಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದ ಪದ್ಧತಿಯ ಬೀಜ ಮಾತ್ರ ನಮ್ಮ ದಕ್ಷಿಣದೇಶದಿಂದಲೇ ಹೋದುದು! 1706ರಲ್ಲಿ ಡೇನಿಶ್ ದೊರೆಯ ಆಶ್ರಯದಲ್ಲಿ ಇಬ್ಬರು ಜರ್ಮನ್ ಪಾದ್ರಿಗಳು ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದರು. ಅವರಲ್ಲಿ ಜೀಗನ್‌ಬಾಲ್ಗ್ ಎಂಬಾತನು ತಮಿಳು ಮಕ್ಕಳ ಸಾಲಿನಲ್ಲಿ ಕುಳಿತು, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ ಆ ಭಾಷೆಯನ್ನು ಕಲಿತನು. ಅವರ ವೃತ್ತಾಂತವು ಇಂಗ್ಲಿಷಿನಲ್ಲಿ ಅಚ್ಚಾಗಿ ಎಪ್‌ವರ್ತಿನ ಮನೆಗೂ ಬಂದಿತು. ಅದನ್ನು ಓದಿ ಸುಸಾನಾಳ ಮನಸ್ಸು ಕರಗಿತು. ದೂರದೇಶಕ್ಕೆ ಹೋಗುವುದು ತನಗೆ ಆಗದ ಮಾತು. ಆದರೆ ತನ್ನ ಮಕ್ಕಳಿಂದಲೇ ಆರಂಭಿಸಬಹುದಲ್ಲವೇ ಎಂದುಕೊಂಡಳು. ಈ ಸಂಗತಿಯನ್ನು ಆಕೆಯೇ 1712ರ ಫೆಬ್ರವರಿಯಲ್ಲಿ ಗಂಡನಿಗೆ ಬರೆದಿದ್ದಾಳೆ. ಅಂದಿನಿಂದ ಪ್ರತಿ ರಾತ್ರಿ ಒಂದೊಂದು ಮಗುವಿನೊಡನೆ ಏಕಾಂತದಲ್ಲಿ ಸ್ವಲ್ಪ ಹೊತ್ತು ಮಾತು. ಸೋಮವಾರ ಮಾಲಿ, ಮಂಗಳವಾರ ಹೆಟ್ಟಿ, ಬುಧವಾರ ನ್ಯಾನ್ಸಿ, ಗುರುವಾರ ಜಾನ್, ಶುಕ್ರವಾರ ಪ್ಯಾಟಿ, ಶನಿವಾರ ಚಾರ್ಲ್ಸ್. ಭಾನುವಾರ ದೊಡ್ಡ ಹೆಣ್ಣುಮಕ್ಕಳಾದ ಎಮಿಲಿ, ಸೂಕಿ ಇಬ್ಬರು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಸ್ತುತಿಯಾದೀತೇ ಹೊರತು ಸತ್ಯವಾಗದು. ಒಂದು ವರ್ಷದ ಕೂಸಿಗೇ ಬೆತ್ತದ ಭಯವನ್ನು ಕಲಿಸಿ, ಸದ್ದಿಲ್ಲದೆ ಅಳುವಂತೆ ಮಾಡಬೇಕೆಂದು ಆಕೆ ಬರೆದಿದ್ದಾಳೆ. ಮಗುವಿನ ಹಟವನ್ನು ಮೊದಲೇ ಮುರಿಯುವುದು ಧರ್ಮವೆಂದು ಆ ಕಾಲದವರು ನಂಬಿದ್ದರು. ನಾವು ನಂಬಲಾರೆವು. ಕೂಸಿನ ಅಳುವು ಹಟವಲ್ಲ, ಅದರ ಭಾಷೆಯೆಂಬುದನ್ನು ಇಂದಿನ ಶಿಶುವಿಜ್ಞಾನ ಬಲ್ಲುದು. ನಮ್ಮ ದೇಶದ 2009ರ ಶಿಕ್ಷಣಹಕ್ಕಿನ ಕಾಯಿದೆಯು ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಶಾಲೆಗೆ ಸಲ್ಲದುದು ಮನೆಗೆ ಸಲ್ಲುವುದು ಹೇಗೆ?

ಹೆಣ್ಣುಮಕ್ಕಳ ಕಥೆಯನ್ನೂ ಮರೆಯತಕ್ಕದ್ದಲ್ಲ. ಗಂಡುಮಕ್ಕಳು ಮೂವರೂ ಲಂಡನ್ನಿನ ದೊಡ್ಡ ಶಾಲೆಗಳಿಗೂ ಅಲ್ಲಿಂದ ಆಕ್ಸ್‌ಫರ್ಡಿಗೂ ಹೋದರು. ಅದೇ ತಾಯಿಯ ಅದೇ ಪಾಠವನ್ನು ಕಲಿತ ಹೆಣ್ಣುಮಕ್ಕಳಿಗೆ ಮುಂದೆ ದಾರಿಯಿರಲಿಲ್ಲ. ಹೆಟ್ಟಿ ಅವರೆಲ್ಲರಲ್ಲಿಯೂ ಪ್ರತಿಭಾವಂತೆ, ಕವಯಿತ್ರಿ. ಯೌವನದಲ್ಲಿ ನಂಬಿದವನಿಂದ ಮೋಸಹೋಗಿ ಮನೆಗೆ ಮರಳಿದ ಆಕೆಯನ್ನು 1725ರಲ್ಲಿ ಮನಸ್ಸಿಗೊಪ್ಪದವನೊಬ್ಬನಿಗೆ ಕೊಟ್ಟು ಮದುವೆ ಮಾಡಿದರು. ತಂದೆ ಆಕೆಯನ್ನು ಕ್ಷಮಿಸಲೇ ಇಲ್ಲ. ತಪ್ಪೊಪ್ಪಿಕೊಂಡವರಿಗೆ ದಂಡನೆಯಿಲ್ಲವೆಂಬ ಕಟ್ಟಳೆಯ ಮನೆಯಲ್ಲಿ, ಅದರ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿದ್ದ ದಿನ ಅದು ನಡೆಯಲಿಲ್ಲ. ಮಕ್ಕಳು ಚಿಕ್ಕವರಾಗಿದ್ದಾಗ ಪಾಲಿಸಿದ ನಿಯಮವನ್ನು ಅವರು ದೊಡ್ಡವರಾದ ಮೇಲೂ ಪಾಲಿಸುವುದು ಹೆತ್ತವರಿಗೆ ಕಠಿಣವಾದ ಪರೀಕ್ಷೆ.

ಹಾಗಾದರೆ ಆ ಶಾಲೆಯಿಂದ ಉಳಿದುದೇನು? 1732ರಲ್ಲಿ ಜಾನ್ ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕನಾಗಿದ್ದನು, ವಯಸ್ಸು ಇಪ್ಪತ್ತೆಂಟು. ಗ್ರೀಕ್ ಬಲ್ಲವನು, ಲ್ಯಾಟಿನ್ ಬಲ್ಲವನು. ಆತನು ತಾಯಿಗೆ ಪತ್ರ ಬರೆದು, ಬಾಲ್ಯದಲ್ಲಿ ತನಗಾಗಿ ಕೊಡುತ್ತಿದ್ದ ಗುರುವಾರದ ಸಂಜೆಯ ಅಷ್ಟು ಹೊತ್ತನ್ನು ಈಗಲೂ ತನಗಾಗಿ ತೆಗೆದಿಡಬಾರದೇ, ಅಂದು ಬುದ್ಧಿಯನ್ನು ತಿದ್ದಿದಂತೆ ಇಂದು ಅದು ಹೃದಯವನ್ನು ತಿದ್ದೀತು ಎಂದು ಬೇಡಿಕೊಂಡನು. ಆರು ಗಂಟೆಗಳ ಪಾಠವನ್ನಾಗಲಿ ಬೆತ್ತವನ್ನಾಗಲಿ ಆತನು ಕೇಳಲಿಲ್ಲ. ತಾಯಿ ತನ್ನೊಬ್ಬನಿಗಾಗಿಯೇ ಕುಳಿತಿದ್ದ ಆ ಹೊತ್ತನ್ನು ಕೇಳಿದನು.

ಇಷ್ಟನ್ನು ಕೇಳಿದ ನೆರೆಮನೆಯ ಗೃಹಿಣಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ‘ಇ’ ‘ಈ’ ಏನು ಮಾಡಲಿ, ಮೇಷ್ಟ್ರೇ?” ಎಂದು ಕೇಳಿದಳು.

ನಾವೆಂದೆವು: “ಏನೂ ಇಲ್ಲ, ತಾಯಿ. ನಾಳೆಯೂ ಹೇಳಿಕೊಡು, ಸ್ಲೇಟು ಬೇಸರವಾದರೆ ಮರಳಿನ ಮೇಲೆ ತಿದ್ದಿಸು. ನಿನ್ನೆಯ ಏಟಿಗೆ ಮಗುವಿನ ಹತ್ತಿರ ತಪ್ಪಾಯಿತೆಂದು ಹೇಳು. ದೊಡ್ಡವರೂ ತಪ್ಪೊಪ್ಪಿಕೊಳ್ಳುತ್ತಾರೆಂಬುದು ಅವನಿಗೆ ಒಂದು ಪಾಠವಾಗುತ್ತದೆ. ಶಾಲೆಗೆ ಸೇರುವ ಕಾಲ ಬಂದಾಗ ಸಂತೋಷದಿಂದ ಕಳುಹಿಸು. ಆದರೆ ರಾತ್ರಿ ಪ್ರಾರ್ಥನೆಯಾದ ಮೇಲೆ ಕಥೆ ಹೇಳುವ ಆ ಹೊತ್ತನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡ.”

ಎಲ್ಲ ಮನೆಗಳಲ್ಲಿಯೂ ಶಾಲೆ ನಡೆಯಲಾರದು, ನಡೆಯಬೇಕಾದುದೂ ಇಲ್ಲ. ಆದರೆ ಯಾವ ದೇವರಿಗೆ ದೀಪ ಹಚ್ಚುವ ಮನೆಯಾದರೂ ಆಗಲಿ, ಅಲ್ಲಿಯ ಒಂದೊಂದು ಮಗುವಿಗೂ ವಾರದಲ್ಲಿ ತನ್ನದೆನ್ನುವ ಒಂದು ಸಂಜೆಯಿರಲೆಂದು ಹಾರೈಸುತ್ತೇವೆ.