ರೊಟ್ಟಿ ತಿನ್ನುವ ನಾಯಿ ಮಾಂಸಾಹಾರಿಯೇ?

ಮಹಾನವಮಿಯ ಹೊತ್ತಿಗೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೋದವರು ಈ ದೃಶ್ಯವನ್ನು ನೋಡಿಯೇ ಇರುತ್ತಾರೆ. ಕರಿ ಕಂಬಳಿಯ ನಿಲುವಂಗಿ ತೊಟ್ಟು, ಹಣೆತುಂಬ ಭಂಡಾರ ಬಳಿದುಕೊಂಡ ಗೊರವಪ್ಪಗಳು ಸಾಲಾಗಿ ಕುಳಿತಿರುತ್ತಾರೆ. ಅವರ ಮುಂದೆ ಮರದ ದೋಣಿಗಳು. ಹರಕೆ ಹೊತ್ತ ಭಕ್ತರು ಆ ದೋಣಿಗಳಿಗೆ ಹಾಲು, ತುಪ್ಪ, ಸಕ್ಕರೆ, ಬಾಳೆಹಣ್ಣು ಸುರಿಯುತ್ತಾರೆ. ದೋಣಿ ತುಂಬಿತೆಂದರೆ ಗೊರವಪ್ಪಗಳು ನಾಯಿಯಂತೆ ಬೊಗಳುತ್ತ, ಒಬ್ಬರ ಮೇಲೊಬ್ಬರು ಗುರುಗುಟ್ಟುತ್ತ, ಕೈ ಮುಟ್ಟಿಸದೆ ನೇರವಾಗಿ ಬಾಯಿ ಹಾಕಿ ತಿನ್ನುತ್ತಾರೆ. ಮಣಿಕಾಸುರ, ಮಲ್ಲಾಸುರರನ್ನು ಕೊಲ್ಲಲು ಶಿವನು ಮೈಲಾರನಾಗಿ ಏಳು ಕೋಟಿ ಸೈನ್ಯದೊಡನೆ ಬಂದಾಗ ಅವನ ಜೊತೆ ನಾಯಿಗಳೂ ಇದ್ದವಂತೆ. ಗೊರವಪ್ಪಗಳು ಆ ನಾಯಿಗಳ ಪ್ರತಿನಿಧಿಗಳು.

ಯುದ್ಧಕ್ಕೆ ಬಂದ ನಾಯಿಗಳಿಗೆ ಬಡಿಸುವ ಊಟವಾದರೂ ಏನು? ಹಾಲು, ಹಣ್ಣು, ತುಪ್ಪ. ಮಾಂಸದ ಒಂದು ತುಣುಕೂ ದೋಣಿಯಲ್ಲಿಲ್ಲ. ಇದು ದೇವರ ಸೇವೆಯಾದ್ದರಿಂದ ಹಾಗೆ ಎನ್ನಬಹುದು. ಆದರೆ ಹಾವೇರಿ, ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ನಿಜವಾದ ನಾಯಿಯ ಊಟವೂ ಇದರಿಂದ ಬಹಳ ದೂರವೇನಿಲ್ಲ. ಜೋಳದ ರೊಟ್ಟಿಯ ಚೂರು, ಮಜ್ಜಿಗೆ ಬೆರೆಸಿದ ನುಚ್ಚು, ಉಳಿದ ಅನ್ನ. ಮಾಂಸ ಮುಟ್ಟದ ಮನೆಗಳಲ್ಲಿ ಬೆಳೆದ ನಾಯಿ ಹುಟ್ಟಿದಾಗಿನಿಂದ ಸಾಯುವವರೆಗೆ ಇದನ್ನೇ ತಿಂದು ಬದುಕುತ್ತದೆ. ಈಚೆಗೆ ಇಂಥ ಮನೆಗಳಲ್ಲಿ ಹೊಸದೊಂದು ತಕರಾರು ಶುರುವಾಗಿದೆ. ನಾಯಿ ಹುಟ್ಟಾ ಮಾಂಸಾಹಾರಿ, ಅದಕ್ಕೆ ರೊಟ್ಟಿ ಹಾಕುವುದು ಹಿಂಸೆ ಎಂದು ಪೇಟೆಯಲ್ಲಿ ಓದುವ ಮಗ ವಾದಿಸುತ್ತಾನೆ. ನಮ್ಮಜ್ಜನ ಕಾಲದಿಂದ ನಾಯಿ ರೊಟ್ಟಿ ತಿಂದೇ ಹೊಲ ಕಾದಿದೆ ಎಂದು ತಂದೆ ಹೇಳುತ್ತಾರೆ. ಇಬ್ಬರಲ್ಲಿ ಯಾರ ಮಾತು ಸರಿ?

ನಾಯಿಯ ಬಾಯಿ ತೆರೆದು ನೋಡಿದರೆ ಮೊದಲಿಗೆ ಮಗನ ಮಾತೇ ಸರಿ ಎನಿಸುತ್ತದೆ. ಪ್ರಾಣಿಶಾಸ್ತ್ರಜ್ಞರು ನಾಯಿಯನ್ನು ಹುಲಿ, ಬೆಕ್ಕು, ತೋಳಗಳ ಜೊತೆಗೆ ಮಾಂಸಾಹಾರಿ ಗಣದಲ್ಲಿಯೇ ಇಟ್ಟಿದ್ದಾರೆ. ಉದ್ದನೆಯ ಕೋರೆಹಲ್ಲು, ಕತ್ತರಿಯಂತೆ ಒಂದರ ಮಗ್ಗುಲಿಗೊಂದು ಜಾರುವ ದವಡೆಹಲ್ಲು, ಹಸುವಿನಂತೆ ಅಡ್ಡಡ್ಡ ಆಡಿಸಿ ಮೆಲುಕು ಹಾಕಲಾಗದ ದವಡೆ. ಆದರೆ ಗಣದ ಹೆಸರು ವಂಶದ ಗುರುತೇ ಹೊರತು ಊಟದ ಪಟ್ಟಿಯಲ್ಲ. ಗೆದ್ದಲು ಮತ್ತು ಹಣ್ಣು ತಿನ್ನುವ ನಮ್ಮ ದರೋಜಿಯ ಕರಡಿಯೂ ಅದೇ ಗಣಕ್ಕೆ ಸೇರಿದೆ. ಬಿದಿರನ್ನೇ ನಂಬಿದ ಚೀನಾದ ಪಾಂಡಾ ಕೂಡ ಅಲ್ಲಿಯದೇ. ಹಲ್ಲಿನ ಲೆಕ್ಕವನ್ನು ಇನ್ನಷ್ಟು ಮುಂದುವರಿಸಿದರೆ ಬೆಕ್ಕಿಗೆ 30 ಹಲ್ಲು, ನಾಯಿಗೆ 42. ಹೆಚ್ಚಿಗೆ ಇರುವ ಹಲ್ಲುಗಳಲ್ಲಿ ಕತ್ತರಿಹಲ್ಲಿನ ಹಿಂದೆ ಅರೆಯುವ ಹಲ್ಲುಗಳೂ ಇವೆ. ಬರೀ ಮಾಂಸ ಹರಿಯುವ ಪ್ರಾಣಿಗೆ ಅರೆಯುವ ಹಲ್ಲೇಕೆ?

ಹೊಟ್ಟೆಯೊಳಗಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಬೆಕ್ಕು ಮಾಂಸವಿಲ್ಲದೆ ಬದುಕಲಾರದು. ಅದಕ್ಕೆ ಬೇಕಾದ ಟಾರಿನ್ ಎಂಬ ಸತ್ವವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳುವುದಿಲ್ಲ. ಗಜ್ಜರಿಯಂಥ ತರಕಾರಿಯಲ್ಲಿರುವ ಕೆರೋಟಿನ್ ಅನ್ನು 'ಎ' ಜೀವಸತ್ವವಾಗಿ ಮಾರ್ಪಡಿಸುವ ಶಕ್ತಿಯೂ ಅದಕ್ಕಿಲ್ಲ. ನಾಯಿ ಸಾಮಾನ್ಯವಾಗಿ ಇವೆರಡನ್ನೂ ಮಾಡಿಕೊಳ್ಳುತ್ತದೆ. ಮನೆಯೊಳಗೆ ಒಟ್ಟಿಗೇ ಬೆಳೆದರೂ ಬೆಕ್ಕು ಮತ್ತು ನಾಯಿಯನ್ನು ಊಟದ ವಿಷಯದಲ್ಲಿ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ.

ಈ ಚರ್ಚೆಗೆ ದೊಡ್ಡ ತಿರುವು ಕೊಟ್ಟದ್ದು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆ. ಸ್ವೀಡನ್ನಿನ ಉಪ್ಸಲ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್‌ಸನ್ ಮತ್ತು ಸಂಗಡಿಗರು 12 ತೋಳ ಹಾಗೂ 60 ನಾಯಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಅಮೈಲೇಸ್ ಎಂಬ ಕಿಣ್ವದ ವಂಶವಾಹಿ ತೋಳದಲ್ಲಿ ಎರಡೇ ಪ್ರತಿ ಇತ್ತು. ನಾಯಿಗಳಲ್ಲಿ ನಾಲ್ಕರಿಂದ ಹಿಡಿದು ಮೂವತ್ತರವರೆಗೆ! ನಮ್ಮ ಜೊಲ್ಲಿನಲ್ಲಿಯೇ ಈ ಕಿಣ್ವ ಇರುವುದರಿಂದ ರೊಟ್ಟಿಯನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುತ್ತದೆ. ನಾಯಿಯಲ್ಲಿ ಆ ಕೆಲಸ ಬಹುಮಟ್ಟಿಗೆ ಮೇದೋಜೀರಕ ಗ್ರಂಥಿಯದು. ಅದು ಅಗಿಯದೆ ಗುಳುಂ ಎಂದು ನುಂಗಿದರೂ ನಷ್ಟವೇನಿಲ್ಲ.

ಮನುಷ್ಯನ ಜೊತೆ ನಾಯಿ ಸೇರಿ ಕನಿಷ್ಠ 14 ಸಾವಿರ ವರ್ಷಗಳಾದವು. ಜರ್ಮನಿಯ ಬಾನ್ ಬಳಿ ಮನುಷ್ಯರೊಂದಿಗೆ ಹೂಳಿದ ಅಷ್ಟು ಹಳೆಯ ನಾಯಿಯ ಅವಶೇಷ ಸಿಕ್ಕಿದೆ. ಆಗ ಬೇಸಾಯ ಇರಲಿಲ್ಲ. ನಾಯಿ ಬೇಟೆಗಾರನ ಸಂಗಾತಿಯಾಗಿ ಬಂದದ್ದು. ಬೇಸಾಯ ಬಂದ ಮೇಲೆ ಮನೆಯ ಹಿತ್ತಲಲ್ಲಿ ಎಲುಬಿನ ಬದಲು ಕಾಳು, ಗಂಜಿ ಬೀಳತೊಡಗಿದವು. ಅದನ್ನು ಅರಗಿಸಿಕೊಂಡ ನಾಯಿ ಉಳಿದು ಮರಿ ಹಾಕಿತು. ಯುರೋಪಿನಲ್ಲಿ ಸಿಕ್ಕ ಸುಮಾರು 7 ಸಾವಿರ ವರ್ಷ ಹಿಂದಿನ ನಾಯಿ ಎಲುಬುಗಳಲ್ಲಿ ಆಗಲೇ ಅಮೈಲೇಸ್ ವಂಶವಾಹಿಯ ಪ್ರತಿಗಳು ಹೆಚ್ಚಿದ್ದವು. ಬೇಸಾಯ ತಲುಪದ ನಾಡಿನ ನಾಯಿಗಳಲ್ಲಿ, ಉದಾಹರಣೆಗೆ ಆಸ್ಟ್ರೇಲಿಯಾದ ಡಿಂಗೊದಲ್ಲಿ, ಇಂದಿಗೂ ತೋಳದಂತೆಯೇ ಎರಡು ಪ್ರತಿ ಮಾತ್ರ. ನಾಯಿಗೆ ರೊಟ್ಟಿ ಅರಗುವ ಹೊಟ್ಟೆ ಬಂದದ್ದು ಒಕ್ಕಲುತನದಿಂದ ಎನ್ನಬೇಕು.

ಒಕ್ಕಲುತನದ ಮಾತು ಬಂದಾಗ ನಮ್ಮ ಜಿಲ್ಲೆ ಹಿಂದೆ ಬಿದ್ದಿಲ್ಲ. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಡಾ. ಎಂ. ಎಸ್. ನಾಗರಾಜ ರಾವ್ ಉತ್ಖನನ ನಡೆಸಿದರು. ಅಲ್ಲಿ ನವಶಿಲಾಯುಗದ ಜನ ದನ, ಕುರಿ ಸಾಕಿಕೊಂಡು ಕಿರುಧಾನ್ಯ, ಹುರುಳಿ ಬೆಳೆಯುತ್ತಿದ್ದರು. ಇಂದಿನ ಜೋಳ ಆಫ್ರಿಕಾದಿಂದ ಆಮೇಲೆ ಬಂದದ್ದು. ಗೋವಿನಜೋಳ ಮತ್ತು ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿ ಬಂದು ಐದು ನೂರು ವರ್ಷವೂ ಆಗಿಲ್ಲ. ಈ ಖಾರಕ್ಕೆ ಮಾತ್ರ ನಾಯಿ ಇನ್ನೂ ಒಗ್ಗಿಕೊಂಡಿಲ್ಲ. ಕೆಂಪು ಚಟ್ನಿ ಹಚ್ಚಿದ ರೊಟ್ಟಿಯನ್ನು ಮೂಸಿ ಹಿಂದೆ ಸರಿಯುವ ನಾಯಿಯನ್ನು ಬ್ಯಾಡಗಿಯಲ್ಲಿಯೇ ನೋಡಬಹುದು.

ಹಾಗಾದರೆ ತಂದೆಯ ಮಾತೇ ಗೆದ್ದಿತೆ? ಪೂರ್ತಿ ಗೆದ್ದಿಲ್ಲ. ಅರಗಿಸಿಕೊಳ್ಳಬಲ್ಲದು ಎನ್ನುವುದು ಬೇರೆ, ಬಯಸುತ್ತದೆ ಎನ್ನುವುದು ಬೇರೆ. 2013ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಾಯಿಗಳ ಮುಂದೆ ಬೇರೆ ಬೇರೆ ಆಹಾರ ಇಟ್ಟು ಆರಿಸಿಕೊಳ್ಳಲು ಬಿಟ್ಟರು. ಅವು ತಮಗೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇ 63ರಷ್ಟನ್ನು ಕೊಬ್ಬಿನಿಂದ, ಶೇ 30ರಷ್ಟನ್ನು ಪ್ರೋಟೀನಿನಿಂದ ಪಡೆದವು. ಪಿಷ್ಟದ ಪಾಲು ಶೇ 7 ಮಾತ್ರ. ಇತ್ತ ತೋಳವಾದರೂ ಶುದ್ಧ ಮಾಂಸಾಹಾರಿಯೇ ಎಂದರೆ ಅದೂ ಅಲ್ಲ. ಬೋರೆಹಣ್ಣಿನ ಕಾಲದಲ್ಲಿ ತೋಳವೂ ಹಣ್ಣು ತಿನ್ನುವುದುಂಟು. ರಾಣೆಬೆನ್ನೂರಿನ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯದ ನರಿಯಂತೂ ಸಿಕ್ಕಿದ್ದೆಲ್ಲ ತಿನ್ನುವ ಪ್ರಾಣಿ. ಮಾಂಸದ ಕಡೆಗೆ ಒಲವಿರುವ ಮಿಶ್ರಾಹಾರಿ ಎಂದು ನಾಯಿಯನ್ನು ಕರೆದರೆ ವಿಜ್ಞಾನಕ್ಕೂ ಅಪಚಾರವಿಲ್ಲ, ಹಳ್ಳಿಯ ಅನುಭವಕ್ಕೂ ಅಪಚಾರವಿಲ್ಲ.

ನಮ್ಮ ಪೂರ್ವಿಕರು ನಾಯಿಯ ಬೇಟೆಯ ಗುಣವನ್ನು ಮರೆತವರಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ವೀರಗಲ್ಲು ಕಾಳಿ ಎಂಬ ನಾಯಿಯದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ, ಗಂಗರ ಬೂತುಗನಿಂದ ಬಹುಮಾನವಾಗಿ ಬೇಡಿ ಪಡೆದದ್ದು ಈ ನಾಯಿಯನ್ನು. ಅದು ಕಾಡುಹಂದಿಯೊಂದಿಗೆ ಹೋರಾಡಿ ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನೆಟ್ಟು, ಭೂಮಿ ದತ್ತಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಪೂಜಾರಿಗೆ ಪಾಪ ತಟ್ಟುತ್ತದೆ ಎಂದು ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ತಟ್ಟೆಯ ವಿಷಯ. ಬರೀ ರೊಟ್ಟಿ ಹಾಕಿ ಕೈತೊಳೆದುಕೊಂಡರೆ ನಾಯಿಗೆ ಅನ್ಯಾಯವಾಗುವುದು ನಿಜ. ಜೋಳದಲ್ಲಿ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಡಿಮೆ, ಸುಣ್ಣದ ಅಂಶವೂ ಸಾಲದು. ಬೆಳೆಯುವ ಮರಿಗೆ, ಹಾಲೂಡುವ ತಾಯಿನಾಯಿಗೆ ಇದರ ಕೊರತೆ ಬೇಗ ತೋರುತ್ತದೆ. ಕೈಕಾಲು ಸೊಟ್ಟಗಾಗಿ, ಹೊಟ್ಟೆ ಮಾತ್ರ ಡೊಳ್ಳಾದ ಮರಿಗಳನ್ನು ನಾವು ನೋಡುವುದು ಅಪರೂಪವಲ್ಲ. ಹೊಟ್ಟೆ ಡೊಳ್ಳಾಗಲು ಜಂತುಹುಳುವೂ ಕಾರಣವಿರಬಹುದು. ಚೆನ್ನಾಗಿ ಬೇಯಿಸಿದ ಬೇಳೆ, ಮೊಸರು, ಮೊಟ್ಟೆ ಸೇರಿದರೆ ಊಟ ಎಷ್ಟೋ ಸುಧಾರಿಸುತ್ತದೆ. ಮಾಂಸವೇ ಇಲ್ಲದ ಊಟದಲ್ಲಿ ನಾಯಿಯನ್ನು ಬೆಳೆಸುವವರು ಪಶುವೈದ್ಯರನ್ನು ಕೇಳಿ ಕೊರತೆ ತುಂಬಿಕೊಳ್ಳಬೇಕು. ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಬೇಡ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ರಾಣೆಬೆನ್ನೂರು ಸೀಮೆಯಲ್ಲಿ ಈರುಳ್ಳಿ ಇಲ್ಲದ ಪಲ್ಯ ಹುಡುಕುವುದು ಕಷ್ಟ ಎನ್ನುವುದು ಬೇರೆ ಮಾತು. ಅಮೆರಿಕದಲ್ಲಿ ಇದಕ್ಕೆ ತಿರುಗುಮುರುಗಾದ ಫ್ಯಾಷನ್ ಬಂದು, ಧಾನ್ಯವೇ ಇಲ್ಲದ ದುಬಾರಿ ನಾಯಿತಿಂಡಿ ಮಾರಾಟವಾಯಿತು. ಅಂಥ ಕೆಲವು ತಿಂಡಿಗಳಿಗೂ ನಾಯಿಗಳ ಹೃದ್ರೋಗಕ್ಕೂ ಸಂಬಂಧವಿದೆಯೇ ಎಂದು 2018ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ವಿಚಾರಣೆ ಆರಂಭಿಸಿತು. ಸಂಬಂಧ ಸಾಬೀತಾಗಲಿಲ್ಲ, ಧಾನ್ಯದ ಮೇಲಿನ ಸಿಟ್ಟು ಮಾತ್ರ ಒಂದಿಷ್ಟು ಇಳಿಯಿತು.

ಕುರಿಹಟ್ಟಿಯ ನಾಯಿಯ ಮಾತೇ ಬೇರೆ. ಹಸಿ ಮಾಂಸದ ರುಚಿ ಕಂಡ ನಾಯಿ ಹಿಂಡಿಗೇ ಬಾಯಿ ಹಾಕೀತು ಎಂಬ ಅಂಜಿಕೆಯಿಂದ ಕುರಿಗಾಹಿಗಳಲ್ಲಿ ಅನೇಕರು ಅದಕ್ಕೆ ರೊಟ್ಟಿ, ಹಾಲನ್ನೇ ಹಾಕುವುದುಂಟು. ಈ ಅಂಜಿಕೆ ಎಷ್ಟು ನಿಜವೋ, ಅದರಿಂದಾಗುವ ಇನ್ನೊಂದು ಲಾಭವಂತೂ ನಿಜ. ಕುರಿ ಕೊಯ್ದಾಗ ಅದರ ಹಸಿ ಪಿತ್ತಜನಕಾಂಗ, ಶ್ವಾಸಕೋಶವನ್ನು ನಾಯಿಗೆ ಎಸೆಯುವ ರೂಢಿ ಹಲವೆಡೆ ಇದೆ. ಆ ಅಂಗಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳಿರುತ್ತವೆ. ಅದನ್ನು ತಿಂದ ನಾಯಿಯ ಕರುಳಿನಲ್ಲಿ ಅಕ್ಕಿಕಾಳಿಗಿಂತ ದೊಡ್ಡದಲ್ಲದ ಲಾಡಿಹುಳು ಬೆಳೆಯುತ್ತದೆ. ಹುಳುವಿನ ಮೊಟ್ಟೆ ನಾಯಿಯ ಮಲದ ಮೂಲಕ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ ಸೇರುತ್ತದೆ. ನಾಯಿಯ ಮೈ ಸವರಿದ ಕೈಯನ್ನು ತೊಳೆಯದೆ ಉಂಡ ಮನುಷ್ಯನಿಗೂ ಸೇರುತ್ತದೆ. ಹೈಡಾಟಿಡ್ ಎಂಬ ಈ ರೋಗದಲ್ಲಿ ಮನುಷ್ಯನ ಪಿತ್ತಜನಕಾಂಗದಲ್ಲೋ ಶ್ವಾಸಕೋಶದಲ್ಲೋ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೊನೆಗೆ ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಗತಿಯಾಗುತ್ತದೆ. ಅಂಗಗಳನ್ನು ಅರ್ಧ ಗಂಟೆ ಕುದಿಸಿ ಹಾಕಿದರೆ ಅಥವಾ ಆಳವಾಗಿ ಹೂಳಿದರೆ ಈ ಸರಪಳಿ ತುಂಡಾಗುತ್ತದೆ. ನಾಯಿಗೆ ಪ್ರಾಜಿಕ್ವಾಂಟೆಲ್ ಎಂಬ ಔಷಧಿಯೂ ಇದೆ. ಮಗ ಮಾಂಸವೇ ಬೇಕೆಂದು ಹಟ ಹಿಡಿದರೆ ಬೇಯಿಸಿದ್ದು ಹಾಕಲಿ. ಆದರೆ ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುವುದರಿಂದ ಅದನ್ನು ತೆಗೆದು ಹಾಕಬೇಕು.

ನಾಯಿ ಹೊಟ್ಟೆಗೆ ತುಪ್ಪ ದಕ್ಕೀತೇ ಎಂಬ ಗಾದೆಯನ್ನು ಯಾವ ವೈದ್ಯರು ಕಟ್ಟಿದರೋ ಗೊತ್ತಿಲ್ಲ. ಕೊಬ್ಬು ನಾಯಿಗೆ ಇಷ್ಟ, ಸಾಮಾನ್ಯವಾಗಿ ದಕ್ಕುತ್ತದೆ ಕೂಡ. ರೊಟ್ಟಿ ತಿಂದು ರೂಢಿಯಾದ ನಾಯಿಗೆ ಹಬ್ಬದ ದಿನ ಒಮ್ಮೆಲೇ ಕರಿದದ್ದು, ತುಪ್ಪ ಸುರಿದದ್ದು ಹಾಕಿದಾಗ ಮಾತ್ರ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ ಹಿಡಿಯಬಹುದು. ದೇವರಗುಡ್ಡದ ದೋಣಿಯಲ್ಲಿ ತುಪ್ಪಕ್ಕೇನೂ ಬರವಿಲ್ಲ. ಅಲ್ಲಿ ತಿನ್ನುವವರು ಗೊರವಪ್ಪಗಳಾದ್ದರಿಂದ ದಕ್ಕುತ್ತದೆ.