ಮಡಿಸಿದ ಕಾಗದದಲ್ಲಿ ಮನೆಯ ಕೈತೋಟ

ಕಳೆದ ವರ್ಷದ ಕೈಗೆಲಸದ ಪ್ರದರ್ಶನದಲ್ಲಿ, ತೆರೆದೊಡನೆ ಗಿಡಮರಗಳು ಎದ್ದು ನಿಲ್ಲುವಂತೆ ನಮ್ಮ ಬಾಲಿಕೆಯರು ರಚಿಸಿದ್ದ ಶುಭಾಶಯದ ಕಾರ್ಡುಗಳನ್ನು ನೋಡಿದ ಅನೇಕ ತಾಯಂದಿರೂ, ಈ ಶಾಲೆಯಲ್ಲಿಯೇ ಓದಿ ಈಗ ಸಂಸಾರವಂದಿಗರಾಗಿರುವ ಹಳೆಯ ವಿದ್ಯಾರ್ಥಿನಿಯರೂ, ಅವುಗಳನ್ನು ಮಾಡುವ ಕ್ರಮವನ್ನು ತಿಳಿಸಬೇಕೆಂದು ನನ್ನನ್ನು ಕೇಳಿಕೊಂಡರು. ಆ ದಿನದ ಜನಸಂದಣಿಯಲ್ಲಿ ನಾಲ್ಕು ಮಾತುಗಳನ್ನಾಡಿ ಮುಗಿಸಿದೆನಷ್ಟೆ. ಈ ಸಂಚಿಕೆಯಲ್ಲಿ ನನಗೆ ಕೆಲವು ಪುಟಗಳು ದೊರೆತಿರುವುದರಿಂದ ಅದನ್ನು ಸಾವಕಾಶವಾಗಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಇಂತಹುದೇ ಪ್ರದರ್ಶನದಲ್ಲಿ, ಒಂದು ಗೆರೆಯೂ ಸೊಟ್ಟಗಿಲ್ಲದ, ಒಂದು ತೊಟ್ಟು ಗೋಂದೂ ಹೊರಗೆ ಬಾರದ ಕಾರ್ಡಿಗೆ ನಾನು ಪ್ರಥಮ ಬಹುಮಾನವನ್ನು ಕೊಟ್ಟೆನು. ಅನಂತರ ಆ ಮಗುವನ್ನು ಕರೆದು, "ಇದು ಹೇಗೆ ಏಳುತ್ತದೆ, ತೋರಿಸಮ್ಮ" ಎಂದು ಕೇಳಿದರೆ ಅದು ತಲೆ ತಗ್ಗಿಸಿ ನಿಂತಿತು. ಕಾರ್ಡು ಅಂಗಡಿಯಲ್ಲಿ ಮಾಡಿಸಿದ್ದು. ಪಕ್ಕದಲ್ಲಿಯೇ ಮತ್ತೊಬ್ಬ ಹುಡುಗಿಯ ಕಾರ್ಡು ಅರ್ಧ ಎದ್ದು ಅರ್ಧ ಬಾಗಿ ನಿಂತಿದ್ದಿತು. ಅದನ್ನು ಆಕೆಯೇ ಮಾಡಿದ್ದಳು. ಅದಕ್ಕೆ ನಾನು ಏನನ್ನೂ ಕೊಟ್ಟಿರಲಿಲ್ಲ. ಅಂದಿನಿಂದ ಈ ಕೆಲಸವನ್ನು ಮನೆಗೆ ಕಳುಹಿಸದೆ ತರಗತಿಯಲ್ಲಿಯೇ, ನಮ್ಮ ಕಣ್ಣೆದುರಿಗೇ ಮಾಡಿಸುತ್ತಿದ್ದೇವೆ. ತಂದೆತಾಯಿಗಳು ಇದನ್ನು ಓದಿ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಲಿ. ಕತ್ತರಿಯನ್ನು ಮಾತ್ರ ಮಕ್ಕಳ ಕೈಯಿಂದ ತೆಗೆದುಕೊಳ್ಳದಿರಲಿ.

ಕಾಗದವನ್ನು ಎಬ್ಬಿಸಿ ನಿಲ್ಲಿಸುವ ಉಪಾಯವು ಹೊಸದೇನೂ ಅಲ್ಲ. ಯೂಕ್ಲಿಡನ ರೇಖಾಗಣಿತವು ೧೫೭೦ರಲ್ಲಿ ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಅಚ್ಚಾದಾಗ, ಘನಾಕೃತಿಗಳನ್ನು ತಿಳಿಸುವ ಪುಟಗಳಲ್ಲಿ ಎತ್ತಿ ನಿಲ್ಲಿಸತಕ್ಕ ಕಾಗದದ ತುಂಡುಗಳನ್ನು ಅಂಟಿಸಿದ್ದರು. ಇಂಗ್ಲೆಂಡಿನಲ್ಲಿ ಉದ್ಯಾನಗಳನ್ನು ರಚಿಸುತ್ತಿದ್ದ ಹಂಫ್ರಿ ರೆಪ್ಟನ್ (೧೭೫೨–೧೮೧೮) ಎಂಬಾತನು ಧನಿಕರಿಗೆ ತೋರಿಸುತ್ತಿದ್ದ ಚಿತ್ರಗಳಲ್ಲಿ, ಈಗಿರುವ ನೆಲದ ಚಿತ್ರವು ಮೇಲಿನ ಕಾಗದದ ರೆಕ್ಕೆಯಲ್ಲಿಯೂ, ಮುಂದೆ ಆಗಬೇಕಾದ ತೋಟದ ಚಿತ್ರವು ಅದರ ಕೆಳಗೂ ಇರುತ್ತಿದ್ದುವು. ಉಪಾಧ್ಯಾಯಿನಿಯರಾದ ನಮಗೆ ಹೆಚ್ಚು ಹತ್ತಿರದವನು ಜರ್ಮನಿಯ ಫ್ರೋಬೆಲ್ (೧೭೮೨–೧೮೫೨). ಆತನು ತನ್ನ ಶಿಶುಶಾಲೆಗೆ ೧೮೪೦ರಲ್ಲಿ ಇಟ್ಟ ಕಿಂಡರ್‌ಗಾರ್ಟನ್ ಎಂಬ ಹೆಸರಿಗೆ ಮಕ್ಕಳ ತೋಟವೆಂದೇ ಅರ್ಥ. ಅಲ್ಲಿ ಮಕ್ಕಳಿಗೆ ಮಣ್ಣಿನ ಪಾತಿಯೂ ಉಂಟು, ಮಡಿಸುವ ಕಾಗದವೂ ಉಂಟು. ಆ ಕಾಗದ ಮಡಿಕೆಯ ಪಾಠದಿಂದಲೇ ಪ್ರೇರಿತರಾಗಿ ಟಿ. ಸುಂದರ ರಾವ್ ಎಂಬವರು ಕಾಗದವನ್ನು ಮಡಿಸಿ ರೇಖಾಗಣಿತವನ್ನು ಸಾಧಿಸುವ ಪುಸ್ತಕವೊಂದನ್ನು ೧೮೯೩ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ನಮ್ಮ ಪಕ್ಕದ ಊರಿನ ಈ ಗ್ರಂಥವನ್ನು ಯೂರೋಪಿನ ಗಣಿತಜ್ಞರು ಮೆಚ್ಚಿದರು. ನಮ್ಮ ಶಾಲೆಗಳಲ್ಲಿ ಅದರ ಹೆಸರನ್ನು ಕೇಳಿದವರು ವಿರಳ.

ಯಾವ ತೋಟವನ್ನು ರಚಿಸಬೇಕು? ಮೊದಲ ವರ್ಷ ಬಾಲಿಕೆಯರನ್ನು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಕರೆದುಕೊಂಡು ಹೋದೆವು. ಹಿಂದಿರುಗಿ ಬಂದವರೆಲ್ಲರೂ, ೧೮೮೯ರಲ್ಲಿ ಅಡಿಗಲ್ಲು ಬಿದ್ದ ಆ ಗಾಜಿನಮನೆಯನ್ನೇ ಬಿಡಿಸಿದರು. ನಲವತ್ತು ಕಾರ್ಡುಗಳಲ್ಲಿ ನಲವತ್ತು ಗಾಜಿನಮನೆಗಳು! ಆಮೇಲೆ, "ನಿಮ್ಮ ನಿಮ್ಮ ಮನೆಯ ಮುಂದೆ ಏನಿದೆಯೋ ಅದನ್ನೇ ತನ್ನಿ" ಎಂದು ಹೇಳಿದೆನು. ಜಯನಗರಕ್ಕೆ ೧೯೪೮ರಲ್ಲಿ ಶ್ರೀ ರಾಜಗೋಪಾಲಾಚಾರ್ಯರು ಅಡಿಗಲ್ಲನ್ನಿಟ್ಟ ತರುವಾಯ ಎದ್ದ ಮನೆಗಳಲ್ಲಿ ಅಂಗಳಕ್ಕೆ ಸ್ಥಳವಿರುತ್ತಿದ್ದಿತು: ಒಂದು ತೆಂಗು, ಒಂದು ಸೀಬೆ, ಕಾಂಪೌಂಡಿನ ಮೇಲೆ ಕಾಗದದ ಹೂವಿನ ಬಳ್ಳಿ, ದಾಸವಾಳ, ನಂದಿಬಟ್ಟಲು, ಕರಿಬೇವು, ಹಳೆಯ ಡಬ್ಬದಲ್ಲಿ ದೊಡ್ಡಪತ್ರೆ. ಈಗ ಅನೇಕ ಮಕ್ಕಳಿಗೆ ಮೂರನೆಯ ಮಹಡಿಯ ಬಾಲ್ಕನಿಯೇ ತೋಟ. ಅದರಿಂದ ಬಾಧಕವಿಲ್ಲ, ಐದು ಕುಂಡಗಳಿಂದಲೂ ಒಳ್ಳೆಯ ಕಾರ್ಡಾಗುತ್ತದೆ.

ಸಾಮಗ್ರಿ ಅಲ್ಪವೇ. ಹನ್ನೆರಡು ಅಂಗುಲ ಉದ್ದ, ಎಂಟು ಅಂಗುಲ ಅಗಲದ ದಪ್ಪ ಡ್ರಾಯಿಂಗ್ ಕಾಗದ ಎರಡು, ಕತ್ತರಿ, ಅಳತೆಪಟ್ಟಿ, ಬಣ್ಣ, ಅಂಟು, ಮತ್ತು ಮಡಿಕೆಯ ಗೆರೆಯನ್ನು ಒತ್ತಿ ಎಳೆಯಲು ಹೆಣಿಗೆಯ ಕಡ್ಡಿ ಅಥವಾ ಮಸಿ ಮುಗಿದ ಪೆನ್ನು. ಹೀಗೆ ಗೀರದೆ ಮಡಿಸಿದರೆ ದಪ್ಪ ಕಾಗದವು ಒಡೆಯುತ್ತದೆ. ನಮ್ಮ ತಾಯಂದಿರ ಕಾಲದಂತೆ ಮೈದಾಹಿಟ್ಟಿನ ಅಂಟನ್ನು ಕಾಯಿಸಿಕೊಳ್ಳಬಹುದು. ಆದರೆ ಹುಳು ಹಿಡಿಯದಂತೆ ಪುಸ್ತಕ ಕಟ್ಟುವವರು ಬೆರೆಸುತ್ತಿದ್ದ ಮೈಲುತುತ್ತವು ವಿಷವಾದುದರಿಂದ ಮಕ್ಕಳ ಅಂಟಿಗೆ ಅದು ಕೂಡದು. ಅಂಟು ಯಾವುದಾದರೂ ತೆಳ್ಳಗಿರಲಿ. ಒದ್ದೆಯಾದ ಕಾಗದವು ಹಿಗ್ಗಿ ಸುರುಳಿಗೊಳ್ಳುತ್ತದೆ.

ಕಾಗದವನ್ನು ನಡುವೆ ಮಡಿಸಿರಿ. ಆರು ಅಂಗುಲದ ಎರಡು ಪುಟಗಳಾದುವು. ಒಂದನ್ನು ನೆಲಕ್ಕೆ ಹಾಸಿ ಇನ್ನೊಂದನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರೆ, ಮುಂದಿನದು ನೆಲ, ಹಿಂದಿನದು ಆಕಾಶ. ಮೊದಲು ಸುಲಭವಾದ ತುಳಸಿಕಟ್ಟೆಯನ್ನು ಮಾಡಿರಿ. ಮಡಿಸಿದ ಕಾಗದದ ಮಡಿಕೆಯ ಕಡೆಯಿಂದ, ಎರಡು ಅಂಗುಲ ಅಂತರವಿಟ್ಟು, ಒಂದೂವರೆ ಅಂಗುಲ ಉದ್ದದ ಎರಡು ಸಮಾನ ಸೀಳುಗಳನ್ನು ಕತ್ತರಿಸಬೇಕು. ಸೀಳುಗಳ ತುದಿಗಳನ್ನು ಕೂಡಿಸುವ ಗೆರೆಯನ್ನು ಗೀರಿ, ಕಾಗದವನ್ನು ಬಿಡಿಸಿ, ನಡುವಿನ ಪಟ್ಟಿಯನ್ನು ಹಿಂದಿನಿಂದ ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಅದು ಪೆಟ್ಟಿಗೆಯಾಗಿ ಉಬ್ಬಿ ನಿಲ್ಲುತ್ತದೆ. ಗಿಡವನ್ನು ಬೇರೆ ಕಾಗದದಲ್ಲಿ ಬರೆದು ಕತ್ತರಿಸಿ ಈ ಪೆಟ್ಟಿಗೆಯ ಮುಂಭಾಗಕ್ಕೆ ಮಾತ್ರ ಅಂಟಿಸಬೇಕು. ಮೇಲ್ಭಾಗಕ್ಕೂ ಅಂಟು ತಗಲಿದರೆ ಕಾರ್ಡು ಮುಚ್ಚದು.

ಮರಗಿಡಗಳಿಗೆ ಆಸರೆಯಾಗಿ ಇಕ್ಕಟ್ಟಾದ ಪಟ್ಟಿಗಳು ಬೇಕು. ಬೇರೊಂದು ಕಾಗದದಿಂದ ಅರ್ಧ ಅಂಗುಲ ಅಗಲದ ಪಟ್ಟಿಯನ್ನು ಕತ್ತರಿಸಿರಿ. ಗಿಡವು ಗೋಡೆಯಿಂದ ನಾಲ್ಕು ಅಂಗುಲ ಮುಂದೆ ನಿಲ್ಲಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಪಟ್ಟಿಯು ಗೋಡೆಯ ಪುಟದಲ್ಲಿ ಒಂದಂಗುಲ ಎತ್ತರದಿಂದ ಹೊರಟು, ನಾಲ್ಕು ಅಂಗುಲ ಮುಂದೆ ಬಂದು, ಒಂದಂಗುಲ ಕೆಳಗಿಳಿದು ನೆಲವನ್ನು ಮುಟ್ಟಬೇಕು. ಎರಡು ತುದಿಗಳಲ್ಲಿಯೂ ಅಂಟಿಸುವುದಕ್ಕೆ ಅರ್ಧರ್ಧ ಅಂಗುಲ ಸೇರಿಸಿದರೆ ಪಟ್ಟಿಯ ಉದ್ದ ಆರಂಗುಲವಾಯಿತು. ಮುಂದೆ ಬರುವ ಭಾಗವು ನೆಲದ ಅಳತೆಗೂ, ಇಳಿಯುವ ಭಾಗವು ಗೋಡೆಯ ಅಳತೆಗೂ ಸರಿಸಮನಾಗಿರಬೇಕು. ಇದೇ ಇಲ್ಲಿರುವ ಗುಟ್ಟು. ಎದುರುಬದುರಿನ ಭುಜಗಳು ಸಮನಾಗಿದ್ದರೆ ಮಾತ್ರ ಆಕೃತಿಯು ತೊಡಕಿಲ್ಲದೆ ಮಡಿಯುತ್ತದೆಂಬುದನ್ನು ನಮ್ಮ ಹುಡುಗಿಯರು ಪುಸ್ತಕಕ್ಕಿಂತ ಮೊದಲು ಇಲ್ಲಿಯೇ ಕಲಿಯುತ್ತಾರೆ.

ಇನ್ನೊಂದು ನಿಯಮವನ್ನು ಮರೆತು ನಾವೆಲ್ಲರೂ ಕೆಟ್ಟಿದ್ದೇವೆ. ಕಾರ್ಡನ್ನು ಮುಚ್ಚಿದಾಗ ಗಿಡವು ಮುಂದಕ್ಕೆ ಮಲಗುತ್ತದೆಯಷ್ಟೆ. ಆದುದರಿಂದ ಗೋಡೆಯಿಂದ ಗಿಡದ ದೂರವನ್ನೂ ಗಿಡದ ಎತ್ತರವನ್ನೂ ಕೂಡಿಸಿದರೆ ಅದು ಪುಟದ ಆರಂಗುಲವನ್ನು ಮೀರಕೂಡದು. ಕಾಲಂಗುಲ ಕಡಿಮೆಯೇ ಇರಲಿ. ಗೋಡೆಯಿಂದ ಒಂದಂಗುಲದಲ್ಲಿರುವ ಮರವು ಐದಂಗುಲದವರೆಗೆ ಬೆಳೆಯಬಹುದು. ಎರಡರಲ್ಲಿರುವ ದಾಸವಾಳಕ್ಕೆ ನಾಲ್ಕು. ನಾಲ್ಕರಲ್ಲಿರುವ ದೊಡ್ಡಪತ್ರೆಗೆ ಎರಡೇ. ಎತ್ತರದ್ದನ್ನು ಹಿಂದಕ್ಕೂ ಗಿಡ್ಡದ್ದನ್ನು ಮುಂದಕ್ಕೂ ನೆಡುವ ತೋಟಗಾರನ ಪದ್ಧತಿಯನ್ನು ಕಾಗದವೂ ಹೀಗೆ ತಾನಾಗಿಯೇ ಕೇಳುತ್ತದೆ.

ಒಬ್ಬ ಹುಡುಗಿಗೆ ಈ ನಿಯಮವು ಬಹಳ ಕಷ್ಟವನ್ನು ತಂದಿತು. ಜಯನಗರದಲ್ಲಿರುವ ಅವಳ ಅಜ್ಜಿಯ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವುದೆಂದು ನಿಶ್ಚಯವಾಗಿದ್ದಿತು. ಬೇಸಗೆಯ ರಜೆ ಮುಗಿಯುವುದರೊಳಗೆ ಅಂಗಳದ ಗಿಡಗಳೆಲ್ಲ ಹೋಗತಕ್ಕವು. ಅಜ್ಜಿಗೆ ಕೊಡಲೆಂದು ಅವಳು ಆ ಅಂಗಳವನ್ನೇ ಮಾಡತೊಡಗಿದಳು. ಆದರೆ ಆ ಮನೆಯಲ್ಲಿ ತೆಂಗಿನಮರವಿದ್ದುದು ಗೇಟಿನ ಪಕ್ಕದಲ್ಲಿ. ರಸ್ತೆಯಿಂದ ನೋಡಿದಂತೆ ಚಿತ್ರಿಸಿದಾಗ ಅದು ಗೋಡೆಯಿಂದ ನಾಲ್ಕು ಅಂಗುಲ ಮುಂದಕ್ಕೆ ಬಂದಿತು. ಐದಂಗುಲದ ಮರವು ಕಾರ್ಡನ್ನು ಮುಚ್ಚಿದೊಡನೆ ಮೂರಂಗುಲ ಹೊರಕ್ಕೆ ಚಾಚಿತು. ಎರಡಂಗುಲಕ್ಕೆ ಕತ್ತರಿಸಿದರೆ ದಾಸವಾಳಕ್ಕಿಂತ ಗಿಡ್ಡವಾದ ತೆಂಗಾಗುತ್ತದೆ. ಮರವನ್ನು ಹಿಂದಕ್ಕೆ ಸರಿಸಿಬಿಡು ಎಂದು ನಾನು ಸಲಹೆ ಕೊಟ್ಟೆನು. "ಅಲ್ಲಿ ಮರ ಇಲ್ವಲ್ಲ ಮಿಸ್" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಎರಡು ದಿನಗಳ ಮೇಲೆ ಅವಳೇ ಬಂದು, "ಮಿಸ್, ಅಜ್ಜಿ ರಸ್ತೇಲಿ ನಿಂತು ತೋಟ ನೋಡೋದೇ ಇಲ್ಲ. ಜಗುಲೀಲಿ ಕೂತು ನೋಡ್ತಾರೆ" ಎಂದಳು. ಜಗುಲಿಯಿಂದ ನೋಡಿದರೆ ಹಿಂದಿನ ಪುಟವು ಮನೆಯಲ್ಲ, ಕಾಂಪೌಂಡು ಮತ್ತು ಗೇಟು, ತೆಂಗು ಅದರ ಪಕ್ಕದಲ್ಲಿಯೇ ಒಂದಂಗುಲದಲ್ಲಿ ನಿಂತಿತು, ದಾಸವಾಳ ನಡುವೆ, ಮೆಟ್ಟಿಲ ಬಳಿಯ ಡಬ್ಬಗಳು ಎಲ್ಲಕ್ಕಿಂತ ಮುಂದೆ. ಒಂದು ಗಿಡವನ್ನೂ ಕದಲಿಸದೆ ಎಲ್ಲವೂ ಆರಂಗುಲದೊಳಗೆ ಅಡಗಿದುವು. ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನನಗೆ ಇದು ಹೊಳೆದಿರಲಿಲ್ಲವೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಉಳಿದ ಕೆಲಸ ಸ್ವಲ್ಪವೇ. ಎಲ್ಲವೂ ಒಣಗಿದ ಮೇಲೆ ಎರಡನೆಯ ಕಾಗದವನ್ನು ಹೊದಿಕೆಯಾಗಿ ಹಿಂದಕ್ಕೆ ಅಂಟಿಸಿದರೆ ಸೀಳುಗಳು ಮರೆಯಾಗುತ್ತವೆ. ಪೆಟ್ಟಿಗೆಯ ಹಿಂಭಾಗಕ್ಕೆ ಮಾತ್ರ ಅಂಟು ಸೋಕದಿರಲಿ. ಅನಂತರ ಮುಚ್ಚಿದ ಕಾರ್ಡನ್ನು ಒಂದು ರಾತ್ರಿ ಭಾರವಾದ ಪುಸ್ತಕಗಳ ಕೆಳಗಿಡಬೇಕು. ಬಣ್ಣವನ್ನು ಅಂಟಿಸುವುದಕ್ಕೆ ಮೊದಲೇ ಹಾಕುವುದು ಮೇಲು.

ಆ ಮನೆಯು ಈಗಿಲ್ಲ. ಅಜ್ಜಿಯವರು ಬನಶಂಕರಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಕಾರ್ಡನ್ನು ತೆರೆದು ಬಹಳ ಹೊತ್ತು ನೋಡಿ, "ಪಾರಿಜಾತ ಗೇಟಿಗೆ ಎಡಗಡೆ ಇತ್ತಲ್ಲೇ, ಬಲಗಡೆ ನೆಟ್ಟಿದ್ದೀಯ" ಎಂದರಂತೆ. ನಿಜವೇ, ರಸ್ತೆಯಿಂದ ಜಗುಲಿಗೆ ದೃಷ್ಟಿಯನ್ನು ತಿರುಗಿಸಿದಾಗ ಎಡಬಲಗಳೂ ತಿರುಗಬೇಕೆಂಬುದನ್ನು ಅವಳೂ ಮರೆತಿದ್ದಳು, ನಾನೂ ಗಮನಿಸಿರಲಿಲ್ಲ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಗಂಟೆಗೆ ಮೊದಲೇ ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಇನ್ನೊಂದು ಡ್ರಾಯಿಂಗ್ ಕಾಗದ ಬೇಕೆಂದು ಕೇಳಿದಳು. ಎರಡು ಕೊಟ್ಟೆನು.