ಬ್ಯಾಟರಿಯ ಭಾರ, ಮಾಮುವಿನ ಲೆಕ್ಕ

ನಮ್ಮ ಮಾಮು ಬಾಡಿಗೆ ಕಾರು ಓಡಿಸುತ್ತಾರೆ. ಹಳೆಯ ಡೀಸೆಲ್ ಗಾಡಿ ಮಾರಿ ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳಬೇಕೋ ಬೇಡವೋ ಎಂದು ರಂಜಾನ್‌ನಿಂದ ಯೋಚಿಸುತ್ತಿದ್ದಾರೆ. "ಕಾಮರ್ಸ್ ಓದ್ತೀಯಲ್ಲ, ಲೆಕ್ಕ ಹಾಕಿ ಹೇಳು" ಎಂದರು. ಲೆಕ್ಕಕ್ಕೆ ಕೂತ ಮೇಲೆ, ಕಾರಿನ ಒಳಗೆ ಏನಿದೆ ಎಂದು ತಿಳಿಯದೆ ಬೆಲೆಯ ಮಾತು ಆಡಲಾಗದು ಎಂದು ಗೊತ್ತಾಯಿತು.

ಎಲೆಕ್ಟ್ರಿಕ್ ಕಾರು ಹೊಸದು ಎಂದು ನಾವು ತಿಳಿದಿದ್ದೇವೆ. ಆದರೆ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ಕಂಪನಿ 2001ರಲ್ಲೇ 'ರೇವಾ' ಎಂಬ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತ್ತು. ಅದೇ ಕಾರು 'ಜಿ-ವಿಜ್' ಎಂಬ ಹೆಸರಿನಲ್ಲಿ ಲಂಡನ್ ಬೀದಿಗಳಲ್ಲೂ ಓಡಿತು. ಬ್ಯಾಟರಿ ಇಲ್ಲದೆ ಅದರ ತೂಕ ಸುಮಾರು 400 ಕೆ.ಜಿ., ಬ್ಯಾಟರಿ ಸೇರಿದರೆ 665. ಅಂದರೆ ಐದರಲ್ಲಿ ಎರಡು ಪಾಲು ಭಾರ ಬ್ಯಾಟರಿಯದೇ! ನಮ್ಮ ಮನೆಯ ಇನ್ವರ್ಟರ್‌ನಲ್ಲಿ ಇರುವಂಥ ಸೀಸ-ಆಮ್ಲದ ಬ್ಯಾಟರಿಗಳು, ಎಂಟು. ಅಷ್ಟರಲ್ಲಿ ಹಿಡಿಯುತ್ತಿದ್ದ ವಿದ್ಯುತ್ 9.6 ಯುನಿಟ್.

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯುನಿಟ್‌ನಷ್ಟು ಶಕ್ತಿ ಇರುತ್ತದೆ. 265 ಕೆ.ಜಿ. ಬ್ಯಾಟರಿ ಹೊತ್ತರೂ ರೇವಾದ ಬಳಿ ಇದ್ದದ್ದು ಒಂದು ಲೀಟರ್ ಡೀಸೆಲ್‌ನ ಶಕ್ತಿ ಮಾತ್ರ. ಆದರೂ ಅದು ಒಂದು ಚಾರ್ಜ್‌ಗೆ 80 ಕಿ.ಮೀ. ಓಡುತ್ತಿತ್ತು. ಹೇಗೆಂದರೆ, ಡೀಸೆಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯ ಬಹುಪಾಲನ್ನು ಬಿಸಿಯಾಗಿ ಹೊರಗೆ ಬಿಡುತ್ತದೆ, ಮೋಟಾರ್ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚನ್ನು ಚಕ್ರಕ್ಕೆ ಕೊಡುತ್ತದೆ. ಬ್ರೇಕ್ ಹಾಕಿದಾಗ ಅದೇ ಮೋಟಾರ್ ಜನರೇಟರ್ ಆಗಿ ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ.

ಉಳಿದ ಆಯ್ಕೆಗಳೆಲ್ಲ ಈ ಭಾರದಿಂದಲೇ ಹುಟ್ಟಿದವು. ಹೊರಮೈಗೆ ತಗಡಿನ ಬದಲು ಪ್ಲಾಸ್ಟಿಕ್, ಎರಡೇ ಬಾಗಿಲು, ಬ್ಯಾಟರಿ ಸೀಟಿನ ಕೆಳಗೆ. ಭಾರ ಕೆಳಗಿದ್ದರೆ ಏನು ಲಾಭ ಎಂದು ನಮ್ಮೂರಿನವರಿಗೆ ಹೇಳಬೇಕಿಲ್ಲ. ಭತ್ತದ ಹುಲ್ಲು ಎತ್ತರಕ್ಕೆ ಹೇರಿದ ಟ್ರ್ಯಾಕ್ಟರ್ ಚಾನಲ್ ತಿರುವಿನಲ್ಲಿ ಹೇಗೆ ವಾಲುತ್ತದೆ ಎಂದು ನೋಡಿದ್ದೇವೆ. ಇಂದಿನ ಎಲೆಕ್ಟ್ರಿಕ್ ಕಾರುಗಳಲ್ಲೂ ಬ್ಯಾಟರಿ ನೆಲದಡಿಯಲ್ಲೇ ಇರುತ್ತದೆ.

ಬದಲಾದದ್ದು ಬ್ಯಾಟರಿಯ ಒಳಗಿನ ರಸಾಯನ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯಲ್ಲಿ 30.2 ಯುನಿಟ್‌ನ ಲಿಥಿಯಂ ಬ್ಯಾಟರಿ ಇತ್ತು. ಲಿಥಿಯಂಗೆ ಡಿಸ್ಟಿಲ್ಡ್ ವಾಟರ್ ಹಾಕುವ ಗೋಜಿಲ್ಲ, ಆದರೆ ಸೆಖೆ ಆಗುವುದಿಲ್ಲ. ಅದಕ್ಕೇ ಬ್ಯಾಟರಿಯನ್ನು ತಂಪಾಗಿಡಲು ದ್ರವ ಹರಿಯುವ ವ್ಯವಸ್ಥೆ, ಪ್ರತಿ ಸೆಲ್ಲಿನ ಮೇಲೂ ಕಣ್ಣಿಡುವ ಎಲೆಕ್ಟ್ರಾನಿಕ್ಸ್. ಬೆಲೆ ಏರುವುದು ಇಲ್ಲೇ.

ಇನ್ನು ಮಾಮುವಿನ ಲೆಕ್ಕ. ನೂರು ಕಿ.ಮೀ.ಗೆ ಚಾರ್ಜಿಂಗ್‌ನಲ್ಲಿ ಸೋರುವುದೂ ಸೇರಿ 17 ಯುನಿಟ್, ಯುನಿಟ್‌ಗೆ 8 ರೂಪಾಯಿ ಎಂದು ಹಿಡಿದೆ: 136 ರೂಪಾಯಿ. ಡೀಸೆಲ್ ಕಾರು ಲೀಟರಿಗೆ 18 ಕಿ.ಮೀ. ಕೊಟ್ಟರೆ, ಲೀಟರ್ 90 ರೂಪಾಯಿಯಂತೆ 500. ಉಳಿಯುವುದು 364. ಎಲೆಕ್ಟ್ರಿಕ್ ಕಾರಿಗೆ ನಾಲ್ಕು ಲಕ್ಷ ಹೆಚ್ಚು ಕೊಟ್ಟರೆ ಆ ಹಣ ಮರಳಲು ಸುಮಾರು 1,10,000 ಕಿ.ಮೀ. ಓಡಬೇಕು. ದಿನಕ್ಕೆ 100 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಬಾಡಿಗೆ ಸಿಕ್ಕರೆ ನಾಲ್ಕು ವರ್ಷದೊಳಗೆ. 50 ಕಿ.ಮೀ. ಮಾತ್ರ ಸಿಕ್ಕರೆ ಏಳು ವರ್ಷ ದಾಟುತ್ತದೆ, ಅಷ್ಟರಲ್ಲಿ ಬ್ಯಾಟರಿಗೂ ವಯಸ್ಸಾಗಿರುತ್ತದೆ. ನಾವು ಪುಸ್ತಕದಲ್ಲಿ ಓದುವ ಸವಕಳಿ ಅದೇ.

"ಹಾಗಾದ್ರೆ ಇನ್ನೂ ದೊಡ್ಡ ಬ್ಯಾಟರಿಯದ್ದೇ ತಗೊಳ್ಳೋಣ" ಎಂದರು ಮಾಮು. ಬೇಡ ಎಂದೆ. ಮನೆಯ 15 ಆಂಪ್ ಪ್ಲಗ್‌ನಿಂದ ಗಂಟೆಗೆ ಮೂರು ಚಿಲ್ಲರೆ ಯುನಿಟ್ ಮಾತ್ರ ಬರುತ್ತದೆ. 30 ಯುನಿಟ್ ತುಂಬಲು ಒಂಬತ್ತು-ಹತ್ತು ಗಂಟೆ ಬೇಕು. ಮಹೀಂದ್ರಾ ಬಿಇ 6ರಂತೆ 79 ಯುನಿಟ್‌ನದ್ದಾದರೆ ಒಂದು ಹಗಲು, ಒಂದು ರಾತ್ರಿ. ದಾವಣಗೆರೆಗೆ ಹೋಗಿ ಬರುವವರು ಆ ಭಾರವನ್ನು ದಿನವೂ ಸುಮ್ಮನೆ ಹೊರಬೇಕು, ಅದರ ಬಡ್ಡಿಯನ್ನೂ ಕಟ್ಟಬೇಕು.

ಮಾಮು ಇನ್ನೂ ತೀರ್ಮಾನಿಸಿಲ್ಲ. ಮನೆಯ ಅರ್ತಿಂಗ್ ಸರಿ ಇದೆಯೇ ಎಂದು ನೋಡಲು ನಾಳೆ ಎಲೆಕ್ಟ್ರಿಷಿಯನ್‌ಗೆ ಬರಹೇಳಿದ್ದಾರೆ.